ಹೊಟ್ಟೆಗೆ ಮಾತ್ರೆ, ಬಾಯಿಗೆ ಬೇರೆ ಆರೈಕೆ

ತಮ್ಮಾ, ಎಂಡೋಸ್ಕೋಪಿಯಲ್ಲಿ ನಿನ್ನ ಹೊಟ್ಟೆಯಲ್ಲಿ ಎಚ್. ಪೈಲೋರಿ ಬ್ಯಾಕ್ಟೀರಿಯಾ ಸಿಕ್ಕಿದ್ದನ್ನು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಮಾತ್ರೆ ಮುಗಿದ ಕೂಡಲೇ ಬಾಯಿ ವಾಸನೆಯೂ ಹೋಗುತ್ತದೆಂದು ನಂಬಿ, ಹೆಣ್ಣು ನೋಡುವುದನ್ನು ಮುಂದೆ ಹಾಕಿದ್ದೀಯಂತೆ. ಅದಕ್ಕೇ ಈ ನಾಲ್ಕು ಮಾತು.

ನಿನ್ನ ನಂಬಿಕೆಗೆ ಆಧಾರವಿಲ್ಲದಿಲ್ಲ. ಆಸ್ಟ್ರೇಲಿಯಾದ ಪರ್ತ್‌ನ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ನೋಡಿದರು. ಕೆಲವೇ ದಿನದಲ್ಲಿ ವಾಕರಿಕೆ, ವಾಂತಿ ಶುರುವಾಯಿತು. ಬಾಯಿ ನಾರುತ್ತಿದೆ ಎಂದು ಮನೆಯವರೇ ಹೇಳಿದರು. ಅವರಿಗೂ ಅವರ ಜೊತೆ ಸಂಶೋಧನೆ ಮಾಡಿದ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಈ ಸೋಂಕಿಗೆ ಚಿಕಿತ್ಸೆ ಪಡೆದ ಮೇಲೆ ವಾಸನೆ ಕಡಿಮೆಯಾದವರು ಇದ್ದಾರೆ. ಆದರೆ ಎಲ್ಲರಿಗೂ ಹಾಗಾಗುವುದಿಲ್ಲ. ಬಾಯಿ ವಾಸನೆಯ ಬಹುಪಾಲು ಹುಟ್ಟುವುದು ಬಾಯಿಯಲ್ಲೇ. ನಾಲಿಗೆಯ ಹಿಂಭಾಗದ ಬಿಳಿ ಪದರದಲ್ಲಿ, ವಸಡಿನ ಸಂದಿಯಲ್ಲಿ ಕೂತ ಬೇರೆ ಬ್ಯಾಕ್ಟೀರಿಯಾಗಳು ಗಂಧಕದ ಅನಿಲ ಬಿಡುತ್ತವೆ. ಹೊಟ್ಟೆಯ ಮಾತ್ರೆ ಅವನ್ನು ಒಂದಷ್ಟು ದಿನ ಅಡಗಿಸಬಹುದು, ನಿಲ್ಲಿಸಲಾರದು.

ಮೊದಲು ಮಾತ್ರೆಯ ಮಾತು. ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಬಾಯಲ್ಲಿ ತುಕ್ಕಿನ ರುಚಿ ಬರಬಹುದು, ಅನ್ನ ಸೇರದಿರಬಹುದು. ಮಾತ್ರೆಗಳಲ್ಲಿ ಬಿಸ್ಮತ್ ಇದ್ದರೆ ನಾಲಿಗೆ ಕಪ್ಪಾಗಬಹುದು, ಮಲವೂ ಕಪ್ಪಾಗಬಹುದು, ಹೆದರಬೇಡ. ಕಾಫಿ ಹಣ್ಣಿನ ಕೊಯ್ಲಿನ ಗಡಿಬಿಡಿಯಲ್ಲಿ ಒಂದು ಹೊತ್ತು ಬಿಟ್ಟರೇನು ಅನ್ನಬೇಡ. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂತಾಗಬಹುದು. ಮೆಟ್ರೊನಿಡಜೋಲ್ ಇದ್ದರೆ ಸಂಜೆಯ ಮದ್ಯದ ಗ್ಲಾಸು ಪೂರ್ತಿ ನಿಲ್ಲಲಿ. ನಾಲಿಗೆ, ಕೆನ್ನೆಯ ಒಳಗೆ ಮೊಸರಿನಂಥ ಬಿಳಿ ಕಲೆ ಕಂಡರೆ ಆ್ಯಂಟಿಬಯಾಟಿಕ್‌ನಿಂದ ಎದ್ದ ಶಿಲೀಂಧ್ರವಿರಬಹುದು, ಡಾಕ್ಟರಿಗೆ ತೋರಿಸು. ಮಾತ್ರೆ ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ, ಸೋಂಕು ಹೋಗಿದೆಯೇ ಎಂದು ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸು. ಅದಕ್ಕೆ ಎರಡು ವಾರ ಮುಂಚೆ ಅಸಿಡಿಟಿಯ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಕೇಳಿಕೋ. ಹೊಟ್ಟೆನೋವು ಹೋಯಿತೆಂದು ಈ ಪರೀಕ್ಷೆಯನ್ನು ಕೈಬಿಡುವವರಿದ್ದಾರೆ, ನನಗೆ ಬೇಸರವಾಗುವುದು ಅದೇ. ಈ ಸೋಂಕು ಹುಣ್ಣು ಮಾಡಬಹುದು, ಉಳಿದುಬಿಟ್ಟರೆ ಜಠರದ ಕ್ಯಾನ್ಸರಿನ ಸಂಭವ ಹೆಚ್ಚಿಸುತ್ತದೆ.

ಇನ್ನು ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೇ ಹೋಗಬೇಕೆಂದಿಲ್ಲ, ಚಿಕ್ಕಮಗಳೂರಲ್ಲೇ ಒಳ್ಳೆಯವರಿದ್ದಾರೆ. ಹಲ್ಲಿನ ಪಾಚಿ ತೆಗೆಯುವ ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವುದನ್ನು ತೋಟದಲ್ಲೂ ಪೇಟೆಯಲ್ಲೂ ಕೇಳಿದ್ದೀಯ. ಅದು ತಪ್ಪು. ವಸಡು ಮೊದಲೇ ಹಿಂದೆ ಸರಿದಿರುತ್ತದೆ, ಆ ಜಾಗವನ್ನು ಗಟ್ಟಿ ಪಾಚಿ ತುಂಬಿಕೊಂಡಿರುತ್ತದೆ. ಪಾಚಿ ತೆಗೆದಾಗ ಅದು ಮುಚ್ಚಿಟ್ಟಿದ್ದ ಸಂದಿ ನಾಲಿಗೆಗೆ ತಾಕುತ್ತದೆ, ಅಷ್ಟೇ. ಎಚ್. ಪೈಲೋರಿ ಹಲ್ಲಿನ ಪಾಚಿಯಲ್ಲೂ ಕಾಣಿಸಿಕೊಂಡಿದೆ. ವಸಡಿನ ಚಿಕಿತ್ಸೆಯೂ ಜೊತೆಗಿದ್ದರೆ ಹೊಟ್ಟೆಯದ್ದು ಮರುಕಳಿಸುವುದು ಕಡಿಮೆ ಎಂದು ಕೆಲವು ಅಧ್ಯಯನಗಳು ತೋರಿಸಿವೆ. ಹಾಗಾಗಿ ಎರಡೂ ಒಟ್ಟಿಗೇ ಆಗಲಿ.

ಮನೆಯಲ್ಲಿ ಮಾಡುವುದು ದೊಡ್ಡದೇನಲ್ಲ. ರಾತ್ರಿ ಮಲಗುವ ಮುಂಚೆ ಬ್ರಷ್, ದಿನಕ್ಕೊಮ್ಮೆ ನಾಲಿಗೆ ಹೆರೆಯುವುದು. ಎಲೆಅಡಿಕೆ, ಅದರ ಜೊತೆಯ ಹೊಗೆಸೊಪ್ಪು ಬಿಡಲೇಬೇಕು. ಕಾಫಿ ಬೆಳೆಯುವವರಿಗೆ ಕಾಫಿ ಬಿಡು ಅನ್ನಲಾರೆ. ಕುಡಿದ ಮೇಲೆ ಬಾಯಿ ಮುಕ್ಕಳಿಸು, ಹಗಲೆಲ್ಲ ನೀರು ಕುಡಿ. ಬಾಯಿ ಒಣಗಿದರೆ ವಾಸನೆ ಹೆಚ್ಚು. ಗುಡ್ಡದಿಂದ ಪೈಪಿನಲ್ಲಿ ಬರುವ ಜರಿ ನೀರು ಎಷ್ಟೇ ತಣ್ಣಗಿರಲಿ, ಕಾಯಿಸಿಯೇ ಕುಡಿಯಿರಿ. ಈ ಸೋಂಕು ಮನೆಯವರ ನಡುವೆಯೂ ಹರಡುತ್ತದೆ. ನಿನ್ನಮ್ಮ ಗ್ಯಾಸ್ಟ್ರಿಕ್ ಅಂತ ವರ್ಷಗಟ್ಟಲೆ ಹೇಳುತ್ತಿದ್ದಾಳಲ್ಲ, ಅವಳಿಗೂ ಪರೀಕ್ಷೆ ಮಾಡಿಸು.

ನಮ್ಮ ಬಾಯಿಯ ವಾಸನೆ ನಮಗೆ ಸರಿಯಾಗಿ ತಿಳಿಯುವುದಿಲ್ಲ. ಎಷ್ಟೋ ಜನ ಇಲ್ಲದ ವಾಸನೆಗೆ ಕೊರಗುತ್ತಾರೆ. ನಾಚದೆ ಅಮ್ಮನನ್ನೇ ಕೇಳು. ಅವಳು ಇಲ್ಲ ಅಂದರೆ ಹೆಣ್ಣು ನೋಡುವ ದಿನ ಗೊತ್ತು ಮಾಡು. ಇದೆ ಅಂದರೆ ಮೊದಲು ಹಲ್ಲಿನ ಡಾಕ್ಟರ ದಿನ ಗೊತ್ತು ಮಾಡು.