ದೂರದೇಶದ ಮೊಮ್ಮಕ್ಕಳು

ಶ್ರಾದ್ಧಕರ್ಮದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರೆಂದು ಮೂರು ತಲೆಮಾರಿನವರನ್ನು ಹೆಸರೆತ್ತಿ ಸ್ಮರಿಸುತ್ತೇವೆ. ಗತಿಸಿದವರನ್ನು ಇಷ್ಟು ಕ್ರಮವಾಗಿ ನೆನೆಯುವ ಮನೆಗಳಲ್ಲಿಯೇ, ಬದುಕಿರುವ ತಾತನೊಡನೆ ಮೊಮ್ಮಗನಿಗೆ ಎರಡು ಮಾತಿನ ಬಳಕೆಯೂ ಇಲ್ಲವೆಂಬ ಅಳಲು ಇಂದು ಕೇಳಿಬರುತ್ತಿದೆ. ಉಪನ್ಯಾಸಕ್ಕೆ ಬರುವ ಹಿರಿಯರಲ್ಲಿ ಮಕ್ಕಳನ್ನು ಅಮೆರಿಕೆಗೋ ಇಂಗ್ಲೆಂಡಿಗೋ ಕಳುಹಿಸಿಕೊಟ್ಟವರು ಅನೇಕರಿದ್ದಾರೆ. ಆದುದರಿಂದ ಈ ವಿಷಯವನ್ನು ಕೊಂಚ ವಿಚಾರಿಸುವುದು ಅಪ್ರಸ್ತುತವಾಗಲಾರದು.

ನಮ್ಮ ಮನೆಯ ಸಂಗತಿಯನ್ನೇ ನಿವೇದಿಸುತ್ತೇವೆ. ನಮ್ಮ ಅಕ್ಕನ ಸಂಸಾರ ನ್ಯೂಜೆರ್ಸಿಯಲ್ಲಿದೆ. ಅವಳ ಮಗನಿಗೆ ಎಂಟು ವರ್ಷ. ಪ್ರತಿ ಶನಿವಾರ ತೀರ್ಥರೂಪರು ಸಾಯಂಸಂಧ್ಯೆ ಮುಗಿಸಿ, ಏಳೂವರೆಗೆ ಮೊಬೈಲನ್ನು ತಂಬಿಗೆಗೆ ಒರಗಿಸಿಟ್ಟು ಕುಳಿತುಕೊಳ್ಳುವರು. ಹುಡುಗನ ಮುಖ ಕಂಡೊಡನೆ “ತಿಂಡಿ ಆಯಿತೇ? ಶಾಲೆ ಹೇಗಿದೆ? ಎಲ್ಲಿ, ಕಲಿತ ಶ್ಲೋಕ ಹೇಳು” ಎಂಬ ಮೂರು ಪ್ರಶ್ನೆಗಳು. ಒಂದು ದಿನ ಅವನು ಳಕಾರವನ್ನು ಲಕಾರವಾಗಿ ನುಡಿದಾಗ ಮನೆಮಂದಿಯೆಲ್ಲ ನಕ್ಕೆವು. ಆ ನಗೆಯಲ್ಲಿ ನಮ್ಮ ಪಾಲೇ ದೊಡ್ಡದು. ಪಾಠಶಾಲೆಯಲ್ಲಿ ಓದಿದವರಿಗೆ ಉಚ್ಚಾರದೋಷ ಕಂಡರೆ ಸುಮ್ಮನಿರಲಾಗದು. ಮುಂದಿನ ವಾರದಿಂದ ಹುಡುಗ ಬರಲಿಲ್ಲ. ಸ್ನಾನ, ಆಟ ಎಂದು ಅಕ್ಕ ಒಂದೊಂದು ನೆಪ ಹೇಳತೊಡಗಿದಳು.

ನವೆಂಬರಿನ ಒಂದು ಶನಿವಾರ ಕೇಳಿದರೆ, ಇನ್ನೂ ಎದ್ದೇ ಇಲ್ಲವೆಂದಳು. ಅದು ಮಾತ್ರ ನೆಪವಾಗಿರಲಿಲ್ಲ. ಆ ದೇಶದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೂ, ಮಾರ್ಚಿಯ ಎರಡನೆಯ ಭಾನುವಾರ ಮುಂದಕ್ಕೂ ತಿರುಗಿಸುವರು. ನಮ್ಮ ಸಂಜೆಯ ಏಳೂವರೆ ಬೇಸಗೆಯಲ್ಲಿ ಅವರಿಗೆ ಬೆಳಗಿನ ಹತ್ತು, ಚಳಿಗಾಲದಲ್ಲಿ ಒಂಬತ್ತು. ಇದನ್ನರಿಯದ ತೀರ್ಥರೂಪರು “ಅವನಿಗೆ ನಾವು ಬೇಡವಾದೆವು” ಎಂದಷ್ಟೇ ಹೇಳಿ ಎದ್ದುಹೋದರು. ಅವರಿಗೆ ಎಪ್ಪತ್ತಾರು ವರ್ಷ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಯಂತ್ರವನ್ನು ದೂರುವುದು ಸುಲಭ. ಆದರೆ ಎಳೆಯ ಮಕ್ಕಳಿಗೆ ಪರದೆ ತೋರಿಸಬಾರದೆಂದು 2016ರಲ್ಲಿ ಸಲಹೆಯಿತ್ತ ಅಮೆರಿಕದ ಮಕ್ಕಳ ವೈದ್ಯರ ಸಂಘವೇ, ಮುಖ ನೋಡಿ ಮಾತಾಡುವ ಕರೆಗೆ ಮಾತ್ರ ವಿನಾಯಿತಿ ಕೊಟ್ಟಿದೆ. ದೋಷ ನಮ್ಮ ಪ್ರಶ್ನೆಗಳಲ್ಲಿತ್ತು. ಹಿಂದೆ ಒಂದೇ ಸೂರಿನಡಿ ಇದ್ದಾಗ ತಾತಂದಿರು ಮೊಮ್ಮಕ್ಕಳನ್ನು ಎದುರಿಗೆ ನಿಲ್ಲಿಸಿ ಕುಶಲ ವಿಚಾರಿಸುತ್ತಿದ್ದರೇ? ನಾವು ನಮ್ಮ ತಾತನವರ ಪಕ್ಕದಲ್ಲಿ ಕುಳಿತು ಗಂಧ ತೇಯುತ್ತಿದ್ದೆವು, ತುಳಸಿ ಬಿಡಿಸುತ್ತಿದ್ದೆವು. ಅಜ್ಜಿಯವರ ಬಳಿ ಹೂಬತ್ತಿಯ ಹತ್ತಿ ಬಿಡಿಸುತ್ತಿದ್ದೆವು. ಕೈಗೆ ಕೆಲಸವಿದ್ದುದರಿಂದ ಮಾತು ತಾನಾಗಿ ಬರುತ್ತಿತ್ತು, ಬಾರದಿದ್ದರೂ ಯಾರಿಗೂ ಕೊರತೆಯಾಗುತ್ತಿರಲಿಲ್ಲ. ಸಾಗರದಾಚೆಯ ಮಗುವಿಗೂ ತಾತನಿಗೂ ಅಂತಹ ಒಂದು ಸಮಾನ ಕೆಲಸ ಬೇಕು. ಅದರಲ್ಲಿ ಮಗುವಿಗೆ ಮಾತ್ರ ಗೊತ್ತಿರುವ ಅಂಶವೊಂದಿರಬೇಕು.

ನಮ್ಮಲ್ಲಿ ಅದು ಚಂದ್ರನಿಂದ ಒದಗಿತು. ಮಾರ್ಗಶಿರ ಶುಕ್ಲ ತದಿಗೆಯ ಸಂಜೆ ತೀರ್ಥರೂಪರು ಆಗಸದ ಎಳೆಚಂದ್ರನನ್ನು ಪೆನ್ಸಿಲಿನಿಂದ ಹಾಳೆಯಲ್ಲಿ ಬರೆದು, ಅದರ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿಸಿ, “ನಿಮ್ಮೂರಿನಲ್ಲಿ ಇವನು ಹೇಗೆ ಕಾಣುತ್ತಾನೆ? ನಮಗೆ ತಿಳಿಯದು, ಬರೆದು ತೋರಿಸು” ಎಂದು ಹೇಳಿ ಕಳುಹಿಸಿದರು. ಮರುದಿನ ಹುಡುಗನ ಹಾಳೆ ಬಂತು. ಇಲ್ಲಿಯ ಚಂದ್ರ ದೋಣಿಯಂತೆ ಮಲಗಿದ್ದರೆ, ಅಲ್ಲಿಯವನು ಓರೆಯಾಗಿ ಎದ್ದು ನಿಂತಿದ್ದ; ಸುಮಾರು ಹತ್ತು ಗಂಟೆ ಕಳೆದುದರಿಂದ ಒಂದೆಳೆ ದಪ್ಪವೂ ಆಗಿದ್ದನೆನ್ನಿ. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಅಂಶ ಉತ್ತರದಲ್ಲಿದೆ, ನ್ಯೂಜೆರ್ಸಿ ಸುಮಾರು 40 ಅಂಶ. ಗುಂಡಾದ ಭೂಮಿಯ ಮೇಲೆ ತಾತನೂ ಮೊಮ್ಮಗನೂ ಬೇರೆ ಬೇರೆ ಓರೆಯಲ್ಲಿ ನಿಂತಿದ್ದಾರೆ. ಚಂದ್ರನು ವಾಲಿದಂತೆ ಕಾಣುವುದು ಅದರಿಂದ. ಇದನ್ನು ಒಂದು ಕಿತ್ತಳೆಹಣ್ಣು, ಎರಡು ಕಡ್ಡಿಗಳಿಂದ ಹುಡುಗನೇ ತಾತನಿಗೆ ತೋರಿಸಿಕೊಟ್ಟ. ತೀರ್ಥರೂಪರು ಪಂಚಾಂಗದಿಂದ ತಿಥಿ ಎಣಿಸುವ ಬಗೆಯನ್ನು ಅವನಿಗೆ ಹೇಳಿಕೊಟ್ಟರು. ಶ್ಲೋಕದ ಮಾತನ್ನು ನಾವಾಗಿ ಎತ್ತಲಿಲ್ಲ.

ಈಗ ಪ್ರತಿ ಶುಕ್ಲಪಕ್ಷದಲ್ಲಿ ಹಾಳೆಗಳು ಹೋಗಿ ಬರುತ್ತಿವೆ. ಕರೆಯ ಹೊತ್ತನ್ನು ಚಳಿಗಾಲದಲ್ಲಿ ಎಂಟೂವರೆಗೆ ಬದಲಿಸಿ, ಎರಡು ಭಾನುವಾರಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಿಂದ ಗುರುತಿಸಿದ್ದೇವೆ. ಕಳೆದ ಮಾಘದಲ್ಲಿ ಬಂದ ಹಾಳೆಯಲ್ಲಿ ಚಂದ್ರನಿರಲಿಲ್ಲ. ನಡುವೆ ದೊಡ್ಡ ಅಕ್ಷರದಲ್ಲಿ ‘ಮೊಡ’ ಎಂದು ಕನ್ನಡದಲ್ಲಿ ಬರೆದಿತ್ತು, ದೀರ್ಘವಿಲ್ಲದೆ. ನಾವು ಬಾಯಿ ತೆರೆಯುವಷ್ಟರಲ್ಲಿ ತೀರ್ಥರೂಪರು ನಮ್ಮತ್ತ ಒಮ್ಮೆ ನೋಡಿ, ಅದರ ಪ್ರತಿ ತೆಗೆಸಿ ತರಲು ಹೇಳಿದರು. ಅದು ಈಗ ಅವರ ಪಂಚಾಂಗದೊಳಗಿದೆ.