ಚಲನ್ ಚೀಟಿಯಲ್ಲಿ ತಿದ್ದಿದ ಅಂಕಿ



ನಾವು ಬಸ್ಸಿನ ಬೋರ್ಡು ಓದಲು ಕಲಿತೆವು. ರೇಷನ್ ಕಾರ್ಡು ಓದಲು ಕಲಿತೆವು. ಈ ಪಾಠದಲ್ಲಿ ಇನ್ನೊಂದು ಕಾಗದ ಓದೋಣ. ಅದು ರಸ್ತೆಯಲ್ಲಿ ಪೊಲೀಸರು ಕೊಡುವ ಚಲನ್ ಚೀಟಿ. ಗಾಡಿ ಓಡಿಸುವವರ ಕಿಸೆಯಲ್ಲಿ ಇದು ಮಡಚಿಕೊಂಡು ಬಿದ್ದಿರುತ್ತದೆ. ಬಹಳ ಜನ ಓದುವುದೇ ಇಲ್ಲ. "ಎಷ್ಟ್ ಕಟ್ಟಬೇಕ್ರಿ?" ಎಂದು ಕೇಳಿ ಸುಮ್ಮನಾಗುತ್ತಾರೆ.

ಒಬ್ಬ ಚಾಲಕ ಇದ್ದಾನೆ ಎಂದುಕೊಳ್ಳೋಣ. ಹಾವೇರಿ ಕಡೆಯವನು. ಒಂದು ಚಿಕ್ಕ ಗೂಡ್ಸ್ ಗಾಡಿ ಅವನ ಜೀವನ. ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೊರಟಿದ್ದಾನೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಪೊಲೀಸರು ಕೈ ತೋರಿಸಿ ನಿಲ್ಲಿಸಿದರು.

"ಜೋರ ಬಂದೀಯಪ್ಪಾ. ಮಷಿನ್ನಿನಾಗ 88 ತೋರ್ಸೈತಿ."

"ಮೀಟರ್ ನೋಡ್ಲಿಲ್ರಿ ಸಾಹೇಬ್ರ. ಲಿಲಾವಿಗೆ ತಡ ಆಗಾಕತ್ತಿತ್ತು."

ಸಾಹೇಬರು ಚೀಟಿ ಬರೆದರು. ವೇಗ 88. ಕಲಂ 183. ಅವನ ಕೈಯಲ್ಲಿ ಅಂದು ದುಡ್ಡಿರಲಿಲ್ಲ. ಮೆಣಸಿನಕಾಯಿ ಇಳಿಸಿ ಬಾಡಿಗೆ ಬಂದ ಮೇಲೆ ಕಟ್ಟುತ್ತೇನೆ ಎಂದ. ಚೀಟಿಯ ಒಂದು ಪ್ರತಿ ತಂದು ದೇವರ ಫೋಟೋದ ಹಿಂದೆ ಸಿಕ್ಕಿಸಿದ. ಮರೆತ.

ಕೆಲವು ವಾರಗಳ ಮೇಲೆ ನ್ಯಾಯಾಲಯದಿಂದ ಸಮನ್ಸ್ ಬಂತು. ಜೊತೆಗೆ ಪೊಲೀಸರ ಚೀಟಿಯ ನಕಲು ಇತ್ತು. ಅವನಿಗೆ ಓದು ಬಾರದು. ಹೆಂಡತಿ ಸಂಜೆ ಸಾಕ್ಷರತಾ ಕೇಂದ್ರಕ್ಕೆ ಹೋಗುತ್ತಾಳೆ. ಅವಳು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದಳು.

"ಏನ್ರೀ, ಇಲ್ನೋಡ್ರಿ. ನಮ್ಮ ಚೀಟ್ಯಾಗ 183 ಐತಿ. ಇದರಾಗ 184 ಐತಿ. ಮೂರರ ಮ್ಯಾಲ ನಾಕು ತಿದ್ಯಾರ."

"ಒಂದಂಕಿ ಅಲ್ಲೇನ? ಬಿಡ."

"ಸ್ಪೀಡೂ 88 ಇದ್ದದ್ದು 98 ಆಗೇತ್ರಿ."

ಒಂದು ಅಂಕಿ ಎಂದು ಬಿಡುವ ಹಾಗಿಲ್ಲ. ಯಾಕೆ ಎಂದು ನೋಡೋಣ.

ಇವು ಮೋಟಾರು ವಾಹನ ಕಾಯ್ದೆ 1988ರ ಕಲಂಗಳು. ಕಲಂ 183 ಎಂದರೆ ವೇಗದ ಮಿತಿ ಮೀರಿದ ತಪ್ಪು. 2019ರ ತಿದ್ದುಪಡಿಯ ಪ್ರಕಾರ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ ದಂಡ. ಜೈಲು ಇಲ್ಲ. ಅಧಿಕಾರ ಇರುವ ಅಧಿಕಾರಿಯ ಬಳಿ ದಂಡ ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ. ಕಲಂ 184 ಹಾಗಲ್ಲ. ಅದು ಜನರಿಗೆ ಅಪಾಯ ಆಗುವಂತೆ ಗಾಡಿ ಓಡಿಸಿದ ತಪ್ಪು. ಮೊದಲ ಸಲಕ್ಕೇ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಮೊಬೈಲ್ ಕೈಯಲ್ಲಿ ಹಿಡಿದು ಓಡಿಸಿದ ಕೇಸು ಬಿಟ್ಟರೆ, 184ನ್ನು ರಸ್ತೆಯಲ್ಲೋ ಠಾಣೆಯಲ್ಲೋ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ. ಲೈಸೆನ್ಸಿಗೂ ಕುತ್ತು ಬರಬಹುದು. ಲೈಸೆನ್ಸ್ ಹೋದರೆ ಚಾಲಕನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು?

ಇನ್ನು ವೇಗದ ಮಾತು. ಕೇಂದ್ರ ಸರ್ಕಾರ 2018ರಲ್ಲಿ ಮಿತಿಗಳನ್ನು ಗೊತ್ತುಮಾಡಿತು. ನಡುವೆ ವಿಭಜಕ ಇರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಸರಕು ಗಾಡಿಗೆ ಗಂಟೆಗೆ 80 ಕಿಲೋಮೀಟರ್. ಊರೊಳಗೆ 60. ಕೆಲವು ಕಡೆ ಇನ್ನೂ ಕಡಿಮೆ ಇರುತ್ತದೆ. ಅಲ್ಲಿ ಬೋರ್ಡು ನೋಡಬೇಕು. ನಮ್ಮ ಚಾಲಕ 88ರಲ್ಲಿ ಬಂದಿದ್ದರೆ ತಪ್ಪು ತಪ್ಪೇ. ದಂಡ ಕಟ್ಟಬೇಕು. ಜೋರಾಗಿ ಬಂದು, ಇಲ್ಲ ಎಂದು ಸುಳ್ಳು ಹೇಳುವುದನ್ನು ಈ ಪಾಠ ಕಲಿಸುವುದಿಲ್ಲ. ಆದರೆ ಮಾಡದ ತಪ್ಪನ್ನು ಅವನು ಯಾಕೆ ಹೊರಬೇಕು? 98 ಮತ್ತು 184, ಇವೆರಡನ್ನೇ ಅವನು ಪ್ರಶ್ನೆ ಮಾಡಬೇಕಾದದ್ದು.

ಚಹಾದ ಅಂಗಡಿಯಲ್ಲಿ ಒಂದು ಮಾತು ಕೇಳುತ್ತೇವೆ. "ಚೀಟ್ಯಾಗ ತಪ್ಪೈತಿ ಅಂದ್ರ ಕೇಸು ಬಿದ್ದಂಗ." ಇದು ಸರಿಯಲ್ಲ. ಹೆಸರಿನ ಅಕ್ಷರ ತಪ್ಪಿದರೆ, ಬಣ್ಣ ತಪ್ಪಾಗಿ ಬರೆದರೆ ಕೇಸು ಬೀಳುವುದಿಲ್ಲ. ಆ ತಪ್ಪಿನಿಂದ ಆರೋಪಿ ದಾರಿ ತಪ್ಪಿದನೆ, ಅನ್ಯಾಯ ಆಯಿತೆ ಎಂದು ನ್ಯಾಯಾಲಯ ನೋಡುತ್ತದೆ. ತೀರ್ಪಿನ ಮೊದಲು ಆರೋಪವನ್ನು ಬದಲಿಸುವ ಅಧಿಕಾರವೂ ನ್ಯಾಯಾಲಯಕ್ಕೆ ಇದೆ. ಆದರೆ ಬದಲಿಸಿದ್ದನ್ನು ಆರೋಪಿಗೆ ಓದಿ ಹೇಳಿ ತಿಳಿಸಬೇಕು. ಕಾಗದದ ಮೇಲೆ ಸದ್ದಿಲ್ಲದೆ ಅಂಕಿ ತಿದ್ದುವುದು ಬೇರೆ ಮಾತು. ಯಾರು ತಿದ್ದಿದರು, ಯಾವಾಗ ತಿದ್ದಿದರು, ಯಾಕೆ ತಿದ್ದಿದರು ಎಂದು ಕೇಳುವ ಹಕ್ಕು ನಮಗಿದೆ.

ಕಾಯ್ದೆಯಲ್ಲೇ ನಮಗೆ ಎರಡು ಆಸರೆ ಇವೆ. ಒಂದು, ವೇಗದ ಕೇಸಿನಲ್ಲಿ ಒಬ್ಬ ಸಾಕ್ಷಿಯ ಬರೀ ಅಂದಾಜಿನ ಮೇಲೆ ಶಿಕ್ಷೆ ಕೊಡುವಂತಿಲ್ಲ. ಯಂತ್ರದಿಂದ ಅಳೆದಿರಬೇಕು. ಇದು ಕಲಂ 183ರಲ್ಲೇ ಇದೆ. ಯಂತ್ರ 88 ತೋರಿಸಿದ್ದರೆ ಅದರ ದಾಖಲೆ ತರಿಸಿ ಎಂದು ಕೇಳಬಹುದು. ಮನುಷ್ಯ ಬರೆದ ಅಂಕಿಗಿಂತ ಯಂತ್ರದ ಅಂಕಿ ಹೆಚ್ಚು ನಂಬಿಕೆಯದು. ಇನ್ನೊಂದು ಕಲಂ 209. 183 ಮತ್ತು 184ರ ಕೇಸಿನಲ್ಲಿ ಸ್ಥಳದಲ್ಲೇ ಎಚ್ಚರಿಕೆ ಕೊಟ್ಟಿರಬೇಕು. ಇಲ್ಲವೆ 14 ದಿನದೊಳಗೆ ನೋಟಿಸು ಕಳಿಸಿರಬೇಕು. ಇಲ್ಲವೆ 28 ದಿನದೊಳಗೆ ಸಮನ್ಸ್ ಮುಟ್ಟಿಸಿರಬೇಕು. ವಿಳಾಸ ಸಿಗದೆ ತಡವಾದರೆ ವಿನಾಯಿತಿ ಉಂಟು. ನಮ್ಮ ಚಾಲಕನಿಗೆ ಸ್ಥಳದಲ್ಲಿ ವೇಗದ ಮಾತು ಮಾತ್ರ ಹೇಳಿದ್ದರು. ಅಪಾಯದ ಮಾತೇ ಬರಲಿಲ್ಲ. ಇದನ್ನು ಅವನು ಮರೆಯದೆ ವಕೀಲರಿಗೆ ಹೇಳಬೇಕು.

"ವಕೀಲರಿಗೆ ಕೊಡಾಕ ರೊಕ್ಕ ಎಲ್ಲೈತಿ?" ಎಂದು ಕೇಳುತ್ತೀರಿ. ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಮಿತಿಯೊಳಗೆ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಫೋನ್ ಮಾಡುವುದಾದರೆ 15100. ಬರೆದು ಇಟ್ಟುಕೊಳ್ಳಿ.

ಸಮನ್ಸಿನ ತಾರೀಖಿಗೆ ತಪ್ಪದೆ ಹೋಗಬೇಕು. ಹೋಗದಿದ್ದರೆ ವಾರಂಟ್ ಬರಬಹುದು. ಅಂದಿನ ಬಾಡಿಗೆ ಹೋಗುತ್ತದೆ, ನಿಜ. 183ರ ದಂಡವೊಂದೇ ಆಗಿದ್ದರೆ ಕಟ್ಟಿ ಬನ್ನಿ ಎಂದೇ ನಾವು ಹೇಳುತ್ತಿದ್ದೆವು. ಆದರೆ ಇಲ್ಲಿ ಇರುವುದು 184.

ನ್ಯಾಯಾಧೀಶರು ಆರೋಪ ಹೇಳಿ, ತಪ್ಪು ಒಪ್ಪುತ್ತೀರಾ ಎಂದು ಕೇಳುತ್ತಾರೆ. ಬೇಗ ಮುಗಿಯಲಿ ಎಂದು "ಹೂಂ" ಎನ್ನಬಾರದು. ಹೂಂ ಎಂದರೆ 184ನ್ನು ಒಪ್ಪಿದ ಹಾಗೆ. ಅರ್ಥವಾಗದಿದ್ದರೆ "ಇನ್ನೊಮ್ಮೆ ಹೇಳ್ರಿ ಸ್ವಾಮಿ" ಎಂದು ಕೇಳಿ. ಯಾರೂ ಬೈಯುವುದಿಲ್ಲ. ಒಪ್ಪುವುದಿಲ್ಲ ಎಂದರೆ ಚೀಟಿ ಬರೆದ ಅಧಿಕಾರಿ ಸಾಕ್ಷಿ ಹೇಳಬೇಕಾಗುತ್ತದೆ. ನಮ್ಮ ವಕೀಲರು ಪಾಟಿಸವಾಲು ಮಾಡುತ್ತಾರೆ. ಆಗ ದೇವರ ಫೋಟೋದ ಹಿಂದಿನ ಚೀಟಿ ಹೊರಗೆ ಬರಬೇಕು. ಅದರ ಮೇಲೆ ನಾವು ಪೆನ್ನು ಮುಟ್ಟಿಸಿರಬಾರದು. ಗುರುತು ಮಾಡಲೂ ಗೆರೆ ಎಳೆಯಬಾರದು. ಮೊದಲೇ ಜೆರಾಕ್ಸ್ ಮಾಡಿಸಿ. ಎಲ್ಲರಿಗೂ ಜೆರಾಕ್ಸನ್ನೇ ಕೊಡಿ. ಮೂಲ ಚೀಟಿಯನ್ನು ನ್ಯಾಯಾಲಯಕ್ಕೆ ಬಿಟ್ಟು ಬೇರೆ ಯಾರ ಕೈಗೂ ಕೊಡಬೇಡಿ.

ಈಗ ಬಹಳ ಕಡೆ ಕೈಬರಹದ ಚೀಟಿ ಇಲ್ಲ. ಯಂತ್ರದಿಂದ ಇ-ಚಲನ್ ಬರುತ್ತದೆ, ಮೊಬೈಲಿಗೆ ಮೆಸೇಜ್ ಬರುತ್ತದೆ. ಮೊದಲ ಮೆಸೇಜನ್ನು ಅಳಿಸಬೇಡಿ. ಎರಡನೆಯದು ಬಂದರೆ ಎರಡನ್ನೂ ಹೋಲಿಸಿ. ಚಲನ್ ಹೆಸರಿನಲ್ಲಿ ಮೋಸಗಾರರೂ ವಾಟ್ಸಪ್ಪಿನಲ್ಲಿ ಮೆಸೇಜ್ ಕಳಿಸುತ್ತಾರೆ. ಅದರಲ್ಲಿರುವ ಲಿಂಕನ್ನು ಒತ್ತಬೇಡಿ, ಠಾಣೆಯಲ್ಲಿ ಕೇಳಿ.

ಆ ಹೆಂಡತಿ ಬರೆದ ಅರ್ಜಿ ಹೀಗಿತ್ತು ಎಂದುಕೊಳ್ಳೋಣ. ಜೋರಾಗಿ ಓದಿ:

"ಮಾನ್ಯ ನ್ಯಾಯಾಧೀಶರಲ್ಲಿ ವಿನಂತಿ. ನನಗೆ ಸ್ಥಳದಲ್ಲಿ ಕೊಟ್ಟ ಚೀಟಿಯಲ್ಲಿ ಕಲಂ 183, ವೇಗ 88 ಎಂದು ಇದೆ. ಸಮನ್ಸಿನ ಜೊತೆ ಬಂದ ನಕಲಿನಲ್ಲಿ ಕಲಂ 184, ವೇಗ 98 ಎಂದು ತಿದ್ದಿದೆ. ತಿದ್ದಿದ ಕಡೆ ಸಹಿ ಇಲ್ಲ, ತಾರೀಖು ಇಲ್ಲ. ವೇಗ ಅಳೆದ ಯಂತ್ರದ ದಾಖಲೆ ತರಿಸಿ ನೋಡಬೇಕೆಂದು ಕೋರುತ್ತೇನೆ. ಕಲಂ 184ರ ತಪ್ಪನ್ನು ನಾನು ಒಪ್ಪುವುದಿಲ್ಲ."

ಕೆಳಗೆ ಗಂಡ ಸಹಿ ಮಾಡಿದ. ಹೆಬ್ಬೆಟ್ಟು ಒತ್ತಲಿಲ್ಲ. ಹಿಂದಿನ ರಾತ್ರಿ ಅವಳೇ ಸ್ಲೇಟಿನ ಮೇಲೆ ಹತ್ತು ಸಲ ಬರೆಸಿದ್ದಳು.

ಅಭ್ಯಾಸ

1. ಎರಡು ಚೀಟಿಗಳಲ್ಲಿ ಯಾವ ಯಾವ ಅಂಕಿ ಬೇರೆ ಇವೆ? ಬರೆಯಿರಿ.
2. 183 ಮತ್ತು 184ಕ್ಕೆ ಏನು ವ್ಯತ್ಯಾಸ? ಪಕ್ಕದವರಿಗೆ ಹೇಳಿ.
3. ನಿಮ್ಮ ಮನೆಯಲ್ಲಿ ಸಹಿ ಮಾಡಿದ ಒಂದು ಕಾಗದ ತನ್ನಿ. ಅದರಲ್ಲಿ ತಿದ್ದಿದ ಅಂಕಿ ಇದೆಯೆ? ಕೇಂದ್ರದಲ್ಲಿ ಎಲ್ಲರೂ ಸೇರಿ ನೋಡೋಣ.