ಬಿಸಿಲ ನಾಡಿನಲ್ಲಿ ಐಸ್ ಹಾಕಿ

ಮಾರುಕಟ್ಟೆ ನಿರ್ವಹಣೆಯ ಅಧ್ಯಾಯ ಮಾಡುವಾಗ ನಾನು ಸಾಮಾನ್ಯವಾಗಿ ಸೋಪು, ಟೂತ್‌ಪೇಸ್ಟುಗಳ ಉದಾಹರಣೆ ಕೊಡುತ್ತೇನೆ. ಅವು ಎಲ್ಲರಿಗೂ ಬೇಕಾದವು. ಜನ ಕಂಡೇ ಇರದ ವಸ್ತುವಿಗೆ ಗಿರಾಕಿಗಳನ್ನು ಹುಟ್ಟಿಸುವುದು ಹೇಗೆ? ಅದಕ್ಕೆ ಐಸ್ ಹಾಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಕಿ ಎಂದರೆ ನಮಗೆ ಕೊಡಗಿನ ಮೈದಾನ ನೆನಪಾಗುತ್ತದೆ. ಇದು ಬೇರೆ ಆಟ. ಕಾಲಿಗೆ ಸ್ಕೇಟ್, ಚೆಂಡಿನ ಬದಲು ‘ಪಕ್’ ಎಂಬ ರಬ್ಬರ್ ಬಿಲ್ಲೆ. ಕೆನಡಾದಲ್ಲಿ ಚಳಿಗಾಲಕ್ಕೆ ಕೆರೆಯೇ ಹೆಪ್ಪುಗಟ್ಟುತ್ತದೆ, ಮಕ್ಕಳು ಅಲ್ಲೇ ಆಡಿ ಕಲಿಯುತ್ತಾರೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಅರಿಜೋನಾಗಳಲ್ಲಿ ಆ ಕೆರೆಯನ್ನು ಯಂತ್ರದಿಂದ ಮಾಡಬೇಕು. ಕಾಂಕ್ರೀಟ್ ನೆಲದೊಳಗಿನ ಕೊಳವೆಗಳಲ್ಲಿ ಶೂನ್ಯಕ್ಕಿಂತ ತಣ್ಣಗಿನ ಉಪ್ಪುನೀರು ಹರಿಯುತ್ತದೆ. ಅದರ ಮೇಲೆ ಸುಮಾರು 3 ಸೆಂ.ಮೀ. ದಪ್ಪದ ಮಂಜುಗಡ್ಡೆ ನಿಲ್ಲುತ್ತದೆ. (ಉಪ್ಪುನೀರೇ ಏಕೆಂದು ರಸಾಯನಶಾಸ್ತ್ರದವರು ಹೇಳಿಯಾರು.) ಇದೇ ರಿಂಕ್. ಸ್ಕೇಟ್ ಗೀರಿದ ಮಂಜನ್ನು ನಯಮಾಡುವ ಯಂತ್ರವನ್ನು 1949ರಲ್ಲಿ ಫ್ರಾಂಕ್ ಜಾಂಬೋನಿ ರೂಪಿಸಿದ್ದು ಕೆನಡಾದಲ್ಲಲ್ಲ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ!

ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗ್ 1967ರಲ್ಲೇ ಲಾಸ್ ಏಂಜಲೀಸ್‌ಗೆ ಕಿಂಗ್ಸ್ ತಂಡವನ್ನು ತಂದಿತು. ಆದರೆ ಊರಿನ ಗಮನವೆಲ್ಲ ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಕಡೆಗಿತ್ತು. 1988ರ ಆಗಸ್ಟಿನಲ್ಲಿ ಆ ಕಾಲದ ಅತಿ ದೊಡ್ಡ ಆಟಗಾರ ವೇಯ್ನ್ ಗ್ರೆಟ್ಸ್ಕಿ ಕಿಂಗ್ಸ್ ಸೇರಿದ ಮೇಲೆ ಗಾಳಿ ತಿರುಗಿತು. ಸ್ಯಾನ್ ಹೋಸೆ, ಟ್ಯಾಂಪಾ, ಅನಾಹೈಮ್, ಮಯಾಮಿ ಪ್ರದೇಶಗಳಿಗೂ 1991–93ರೊಳಗೆ ತಂಡಗಳು ಬಂದವು.

ತಾರೆ ಬಂದರೆ ಜನ ನೋಡಲು ಬರುತ್ತಾರೆ, ನಿಜ. ಅವರನ್ನು ಉಳಿಸಿಕೊಳ್ಳುವುದು ಬೇರೆ ಕೆಲಸ. 1993ರಲ್ಲಿ ಮಿನೆಸೋಟಾದಿಂದ ಡಲ್ಲಾಸ್‌ಗೆ ಬಂದ ಸ್ಟಾರ್ಸ್ ತಂಡ 1999ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಕಪ್ಪಿಗಿಂತ ನನಗೆ ಮುಖ್ಯವೆನಿಸುವುದು ಅದು ಸುತ್ತಲಿನ ಬಡಾವಣೆಗಳಲ್ಲಿ ತೆರೆದ ರಿಂಕ್‌ಗಳು. ಸ್ಕೇಟ್ ಕಲಿತ ಮಗು ಟಿಕೆಟ್ ಕೊಳ್ಳಲು ಅಪ್ಪ ಅಮ್ಮನನ್ನೂ ಎಳೆದುತರುತ್ತದೆ. ಮರಳುಗಾಡಿನ ಅಬುಧಾಬಿಯಲ್ಲೂ ರಿಂಕ್ ಇದೆ. ಅಲ್ಲಿನ ಫಾತಿಮಾ ಅಲ್ ಅಲಿ ಹೆಲ್ಮೆಟ್ಟಿನೊಳಗೆ ಹಿಜಾಬ್ ತೊಟ್ಟೇ ಆಡುತ್ತಾರೆ. 2017ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಪಂದ್ಯಕ್ಕೆ ಮುನ್ನ ಪಕ್ ಬೀಳಿಸುವ ಗೌರವ ಅವರಿಗೆ ಸಿಕ್ಕಿತು.

ಈಗ ಅರಿಜೋನಾಕ್ಕೆ ಬನ್ನಿ, ನನ್ನ ಪಾಠ ಇರುವುದು ಅಲ್ಲಿ. 1996ರಲ್ಲಿ ಫೀನಿಕ್ಸ್‌ಗೆ ಕೊಯೋಟೀಸ್ ತಂಡ ಬಂತು. ಅದರ ಆಟ ನೋಡುತ್ತ ಬೆಳೆದ ಹುಡುಗ ಆಸ್ಟನ್ ಮ್ಯಾಥ್ಯೂಸ್. ಅವನು 2016ರಲ್ಲಿ ಲೀಗಿನ ಮೊದಲ ಆಯ್ಕೆಯಾಗಿ ಟೊರಾಂಟೊ ಸೇರಿ, ತನ್ನ ಮೊದಲ ಪಂದ್ಯದಲ್ಲೇ 4 ಗೋಲು ಹೊಡೆದ. ಮರುಭೂಮಿಯ ಹುಡುಗ ಕೆನಡಾದ ತಂಡದ ತಾರೆಯಾದ. ತಂಡಕ್ಕೆ ಮಾತ್ರ ನೆಲೆ ಸಿಗಲಿಲ್ಲ. 2003ರಲ್ಲಿ ಅದು ನಗರಮಧ್ಯದಿಂದ ದೂರದ ಗ್ಲೆಂಡೇಲ್‌ಗೆ ಹೋಯಿತು. 2022ರಿಂದ ಸುಮಾರು 5,000 ಆಸನಗಳ ವಿಶ್ವವಿದ್ಯಾಲಯದ ಅಂಗಳದಲ್ಲಿ ಆಡಿತು. 2023ರಲ್ಲಿ ಟೆಂಪಿ ನಗರದ ಮತದಾರರು ಹೊಸ ಕ್ರೀಡಾಂಗಣದ ಯೋಜನೆಯನ್ನು ತಿರಸ್ಕರಿಸಿದರು. 2024ರಲ್ಲಿ ಆಟಗಾರರೆಲ್ಲ ಯೂಟಾಗೆ ಹೋದರು. ಅವರನ್ನು ಓಡಿಸಿದ್ದು ಬಿಸಿಲಲ್ಲ. ಅಷ್ಟೇ ಬಿಸಿಲಿರುವ ಫ್ಲಾರಿಡಾದ ಪ್ಯಾಂಥರ್ಸ್ ತಂಡ ಅದೇ ವರ್ಷ ಕಪ್ ಗೆದ್ದಿತು.

ದ್ವಿತೀಯ ಪಿಯುಸಿ ವಾಣಿಜ್ಯದವರಿಗೆ ಒಂದು ಕೆಲಸ: ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ, ಈ ನಾಲ್ಕರಲ್ಲಿ ಅರಿಜೋನಾ ಎಡವಿದ್ದು ಎಲ್ಲಿ? ನನ್ನ ಉತ್ತರ ‘ಸ್ಥಳ’. ಒಪ್ಪದವರು ಕಾರಣ ಸಹಿತ ಒಂದು ಪುಟ ಬರೆದು ತನ್ನಿ, ತರಗತಿಯಲ್ಲಿ ಓದೋಣ.